ಬೈಪೋಲಾರ್ ಕಾಯಿಲೆಯಲ್ಲಿ ಮೈಗೆ ಏನಾಗುತ್ತದೆ? ಕೊಡಗಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆಯ ನನ್ನ ಔಷಧಿ ಅಂಗಡಿಗೆ ಮನೋವೈದ್ಯರ ಚೀಟಿ ಹಿಡಿದು ಬರುವವರು ಕೇಳುವ ಪ್ರಶ್ನೆಗಳಲ್ಲಿ ಮನಸ್ಸಿನ ಮಾತು ಕಡಿಮೆ, ಮೈಯ ಮಾತೇ ಹೆಚ್ಚು. ಕೈ ಯಾಕೆ ನಡುಗುತ್ತದೆ, ತೂಕ ಯಾಕೆ ಏರಿತು, ಮಲಗದೇ ಇರುವವನಿಗೆ ಅಷ್ಟು ಕಸುವು ಎಲ್ಲಿಂದ ಬಂತು? ವೈದ್ಯರ ಮುಂದೆ ಕೂತಾಗ ಮರೆತದ್ದು, ಮನೆಯ ಹಿರಿಯರ ಎದುರು ಕೇಳಲು ಸಂಕೋಚಪಟ್ಟದ್ದು ಅಂಗಡಿಯ ಕಟ್ಟೆಯ ಬಳಿ ಹೊರಬರುತ್ತದೆ. ಅಂಥವನ್ನು ಒಟ್ಟುಮಾಡಿ ಉತ್ತರ ಬರೆದಿದ್ದೇನೆ. ಇದನ್ನು ಓದಿ ನೀವೇ ಮಾತ್ರೆ ಬದಲಿಸಬೇಡಿ. ಓದಿದ್ದನ್ನು ಇಟ್ಟುಕೊಂಡು ವೈದ್ಯರನ್ನು ಕೇಳಿ.

ಮನಸ್ಸಿನ ಕಾಯಿಲೆ ಎಂದ ಮೇಲೆ ಮೈಗೆ ಏನು ಸಂಬಂಧ?

ತುಂಬ ಸಂಬಂಧವಿದೆ. ಬೈಪೋಲಾರ್ ಕಾಯಿಲೆಗೆ ಉನ್ಮಾದ ಮತ್ತು ಖಿನ್ನತೆ ಎಂಬ ಎರಡು ತುದಿಗಳಿವೆ. ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಎಲ್ಲರಂತೆ ಆರಾಮವಾಗಿರುವ ಕಾಲವೂ ಇರುತ್ತದೆ. ಯಾವ ತುದಿಗೆ ಹೋದರೂ ನಿದ್ರೆ, ಹಸಿವು, ನಡಿಗೆ, ಮಾತಿನ ವೇಗ, ಲೈಂಗಿಕ ಆಸಕ್ತಿ ಎಲ್ಲವೂ ಜೊತೆಗೆ ಬದಲಾಗುತ್ತವೆ. ವೈದ್ಯರು ಕಾಯಿಲೆಯನ್ನು ಗುರುತಿಸುವಾಗ ಇವನ್ನೇ ವಿಚಾರಿಸುತ್ತಾರೆ. ಏರಿದ ಮನಸ್ಥಿತಿ, ಹೆಚ್ಚಿದ ಚಟುವಟಿಕೆ ಮತ್ತು ಇಂಥ ಬದಲಾವಣೆಗಳು ಒಂದು ವಾರ ಬಿಡದೆ ಉಳಿದರೆ ಅದು ಉನ್ಮಾದ. ಅದರ ಸೌಮ್ಯ ರೂಪಕ್ಕೆ 4 ದಿನದ ಲೆಕ್ಕ, ಖಿನ್ನತೆಗೆ 2 ವಾರದ ಲೆಕ್ಕ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾವಿರ ವಯಸ್ಕರಲ್ಲಿ ಸುಮಾರು 5 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಕಾಯಿಲೆ ಬಂದಿರುತ್ತದೆ. ನಿಮ್ಮ ಮನೆಯೊಂದಕ್ಕೇ ಬಂದ ಶಾಪ ಇದಲ್ಲ.

ಉನ್ಮಾದ ಶುರುವಾಗುವಾಗ ಮೊದಲು ಏನು ಕಾಣಿಸುತ್ತದೆ?

ನಿದ್ರೆ. ಬೇರೇನನ್ನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ನೆನಪಿಡಿ.

ನಿದ್ರೆ ಬಾರದೆ ಒದ್ದಾಡುವುದು ಬೇರೆ, ನಿದ್ರೆಯೇ ಬೇಡವಾಗುವುದು ಬೇರೆ. ಚಿಂತೆಯಿಂದ ನಿದ್ರೆಗೆಟ್ಟವನು ಬೆಳಿಗ್ಗೆ ಕಣ್ಣು ಉರಿಯುತ್ತದೆ, ತಲೆ ಭಾರ ಎನ್ನುತ್ತಾನೆ. ಉನ್ಮಾದಕ್ಕೆ ಏರುತ್ತಿರುವವನು ಎರಡು ಮೂರು ಗಂಟೆ ಮಲಗಿ, ನಸುಕಿಗೆ ಮೊದಲೇ ಎದ್ದು, ದಣಿವೇ ಇಲ್ಲದೆ ಕೆಲಸಕ್ಕೆ ನಿಲ್ಲುತ್ತಾನೆ. ಮಾರನೆಯ ರಾತ್ರಿಯೂ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಇದು ಕಣ್ಣಿಗೆ ಬೀಳದಂತೆ ಮಾಡುವ ಒಂದು ಸಂಗತಿ ಇದೆ: ಕಾಫಿ ಕುಯ್ಲಿನ ಕಾಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವುದು ಮಾಮೂಲು. ಮೂರು ಗಂಟೆಗೆ ಎದ್ದು ಕಣ ಗುಡಿಸುವ ಮಗನನ್ನು ಕಂಡು ಅಪ್ಪ ಹೆಮ್ಮೆಪಡುತ್ತಾರೆ, ಅಂತೂ ತೋಟದ ಜವಾಬ್ದಾರಿ ಬಂತು ಎನ್ನುತ್ತಾರೆ. ಅದೇ ವಾರದಲ್ಲಿ ಅವನ ಮಾತು ಹಿಡಿಯಲಾಗದಷ್ಟು ವೇಗವಾಗಿರುತ್ತದೆ, ಹಾಕಿಟ್ಟ ಅಕ್ಕಿ ಒತ್ತಿ ತಟ್ಟೆಯಲ್ಲೇ ಒಣಗಿರುತ್ತದೆ, ಹೊಸ ಜೀಪಿಗೆ ಮುಂಗಡ ಕೊಟ್ಟಾಗಿರುತ್ತದೆ. ಕೆಲಸ ಹೆಚ್ಚಿದ್ದಕ್ಕೆ ನಿದ್ರೆ ಕಡಿಮೆಯಾಯಿತೋ, ನಿದ್ರೆ ಬೇಡವಾದದ್ದರಿಂದ ಕೆಲಸ ಹೆಚ್ಚಿತೋ ಎಂದು ಕೇಳಿಕೊಳ್ಳಿ. ಎರಡನೆಯದಾದರೆ ಆ ವಾರವೇ ವೈದ್ಯರನ್ನು ಕಾಣಿರಿ.

ಏರಿದ ಸ್ಥಿತಿಯಲ್ಲಿ ಮೈ ಸವೆಯುತ್ತದೆ. ಊಟ, ನೀರು ಮರೆತು ತೂಕ ಇಳಿಯುತ್ತದೆ, ನಿರ್ಜಲೀಕರಣವಾಗುತ್ತದೆ. ಎಡೆಬಿಡದ ಮಾತಿನಿಂದ ಗಂಟಲು ಒಡೆಯುತ್ತದೆ. ಕತ್ತಿ ತಾಗಿದ ಗಾಯ, ನಡೆದು ನಡೆದು ಎದ್ದ ಕಾಲಿನ ಗುಳ್ಳೆಗಳು ಅವರ ಗಮನಕ್ಕೇ ಬರುವುದಿಲ್ಲ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದವರು ಆ ಮಾತ್ರೆಗಳನ್ನೂ ನಿಲ್ಲಿಸಿರುತ್ತಾರೆ, ಏಕೆಂದರೆ ಅವರಿಗೆ ತಮ್ಮ ಮೈ ಎಂದೂ ಇಷ್ಟು ಚೆನ್ನಾಗಿರಲಿಲ್ಲ ಅನ್ನಿಸುತ್ತಿರುತ್ತದೆ.

ನನ್ನ ತಮ್ಮ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಇದು ಸೋಮಾರಿತನ ಅಲ್ಲವೇ?

ಅಲ್ಲ. ಖಿನ್ನತೆಯಲ್ಲಿ ದೇಹದ ಚಲನೆಯೇ ನಿಧಾನವಾಗುತ್ತದೆ. ಕೈಕಾಲಿಗೆ ಸೀಸ ತುಂಬಿದಂತಾಗುತ್ತದೆ ಎಂದು ಅನುಭವಿಸಿದವರು ಹೇಳುತ್ತಾರೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ, ದನಿ ತಗ್ಗುತ್ತದೆ, ಮುಖದಲ್ಲಿ ಭಾವ ಸುಳಿಯುವುದಿಲ್ಲ. ಕೆಲವರು ನಸುಕಿನಲ್ಲೇ ಎಚ್ಚರಗೊಂಡು ಸಂಕಟಪಡುತ್ತಾರೆ. ಬೈಪೋಲಾರ್ ಕಾಯಿಲೆಯ ಖಿನ್ನತೆಯಲ್ಲಿ ಅನೇಕರಿಗೆ ತದ್ವಿರುದ್ಧವಾಗಿ ಅತಿನಿದ್ರೆ, ಅತಿಹಸಿವು ಕಾಡುತ್ತವೆ. ಇನ್ನು ಮಲಬದ್ಧತೆ, ತಲೆನೋವು, ಬೆನ್ನುನೋವು, ಹೊಟ್ಟೆ ಉಬ್ಬರ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಹೆಂಗಸರು ‘ಮನಸ್ಸಿಗೆ ಬೇಸರ’ ಎಂದು ಹೇಳುವುದೇ ಅಪರೂಪ. ಮೈಕೈ ನೋವು, ಸುಸ್ತು, ತಲೆಸುತ್ತು ಎಂದಷ್ಟೇ ಹೇಳಿ ಶಕ್ತಿಯ ಟಾನಿಕ್ ಕೇಳುತ್ತಾರೆ. ಆ ನೋವು ನಿಜವಾದದ್ದು, ನಟನೆಯಲ್ಲ.

ಕಾಯಿಲೆಯ ಒಟ್ಟು ಅವಧಿಯಲ್ಲಿ ಹೆಚ್ಚಿನವರು ಉನ್ಮಾದಕ್ಕಿಂತ ಖಿನ್ನತೆಯಲ್ಲೇ ಹೆಚ್ಚು ದಿನ ಕಳೆಯುತ್ತಾರೆ. ಹಾಗಾಗಿ ಮೊದಲ ಸಲ ವೈದ್ಯರ ಬಳಿಗೆ ಹೋಗುವುದೂ ಖಿನ್ನತೆಯಲ್ಲೇ. ಆಗ ಹಿಂದೆಂದೋ ನಿದ್ರೆಯಿಲ್ಲದೆ ಹಾರಾಡಿದ ದಿನಗಳ ವಿಷಯವನ್ನು ದಯವಿಟ್ಟು ಹೇಳಿ. ಅದು ತಿಳಿಯದೆ ಖಿನ್ನತೆ ನಿವಾರಕ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರು ಉನ್ಮಾದದ ಕಡೆಗೆ ಹೊರಳುತ್ತಾರೆ.

ಜೂನ್, ಜುಲೈ ಮಳೆಯಲ್ಲಿ ಇದು ಹೆಚ್ಚಾಗುತ್ತದೆಯೇ?

ಕೆಲವರಿಗೆ ಋತುವಿನ ಜೊತೆ ಏರಿಳಿತ ಇರುತ್ತದೆ, ಎಲ್ಲರಿಗೂ ಅಲ್ಲ. ನಮ್ಮ ದೇಹದ ಒಳಗಡಿಯಾರ ಬೆಳಕನ್ನು ನೋಡಿಕೊಂಡು ನಡೆಯುತ್ತದೆ, ಮತ್ತು ಈ ಕಾಯಿಲೆಯವರಲ್ಲಿ ಆ ಗಡಿಯಾರ ಬೇಗ ತಪ್ಪುತ್ತದೆ. ಸೂರ್ಯ ಕಾಣದ ವಾರಗಳು, ಕರೆಂಟಿಲ್ಲದ ಸಂಜೆಗಳು, ಏಳು ಗಂಟೆಗೇ ಕಂಬಳಿಯೊಳಗೆ ಸೇರುವ ಅಭ್ಯಾಸ ಅದಕ್ಕೆ ಒಳ್ಳೆಯದಲ್ಲ. ಮಳೆ ಎಷ್ಟೇ ಇರಲಿ, ಬೆಳಿಗ್ಗೆ ಏಳುವ ಹೊತ್ತನ್ನು ಬದಲಿಸಬೇಡಿ. ಎದ್ದ ಮೇಲೆ ಜಗಲಿಯಲ್ಲಿ, ಬೆಳಕಿಗೆ ಮುಖ ಮಾಡಿ ಅರ್ಧ ಗಂಟೆ ಕೂರಿಸಿ.

ಮಳೆಗಿಂತ ನನಗೆ ಹೆಚ್ಚು ಭಯ ನಿದ್ರೆಗೆಡುವ ರಾತ್ರಿಗಳದ್ದು. ಗದ್ದೆಗೆ ಆನೆ ಇಳಿಯದಂತೆ ಕಾವಲು ಕೂರುವುದು, ಏಪ್ರಿಲ್, ಮೇ ತಿಂಗಳ ಮದುವೆಗಳ ಸಾಲು, ಪುತ್ತರಿ ಹಬ್ಬದ ರಾತ್ರಿ, ಬೆಂಗಳೂರಿಗೆ ರಾತ್ರಿ ಬಸ್ಸಿನ ಪ್ರಯಾಣ. ನಿದ್ರೆಗೇಡು ಉನ್ಮಾದದ ಲಕ್ಷಣ ಮಾತ್ರವಲ್ಲ, ಅದನ್ನು ಕೆರಳಿಸುವ ಕಾರಣವೂ ಹೌದು. ಕಾವಲಿಗೆ ಮನೆಯ ಬೇರೆಯವರು ಹೋಗಲಿ. ಹಬ್ಬಕ್ಕೆ ಖಂಡಿತ ಕರೆದುಕೊಂಡು ಹೋಗಿ, ಮಲಗುವ ಹೊತ್ತಿಗೆ ಮನೆಗೆ ಕರೆತನ್ನಿ.

ರಕ್ತ ಪರೀಕ್ಷೆ ಅಥವಾ ಸ್ಕ್ಯಾನಿಂಗ್‌ನಲ್ಲಿ ಕಾಯಿಲೆ ಗೊತ್ತಾಗುತ್ತದೆಯೇ?

ಇಲ್ಲ. ‘ಬೈಪೋಲಾರ್ ಇದೆ’ ಎಂದು ತೋರಿಸುವ ಪರೀಕ್ಷೆ ಇಲ್ಲ. ರೋಗಿಯ ಮತ್ತು ಮನೆಯವರ ಮಾತಿನಿಂದಲೇ ನಿರ್ಧಾರವಾಗುತ್ತದೆ. ಆದರೂ ಮೊದಲ ಭೇಟಿಯಲ್ಲಿ ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಉನ್ಮಾದದಂತೆಯೂ, ಕಡಿಮೆ ಕೆಲಸ ಮಾಡಿದರೆ ಖಿನ್ನತೆಯಂತೆಯೂ ಕಾಣಿಸಬಹುದು. ಉಬ್ಬಸಕ್ಕೋ ಕೀಲುನೋವಿಗೋ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯಿಂದಲೂ ಮನಸ್ಸು ಏರುವುದುಂಟು, ಗಾಂಜಾದಿಂದಲೂ. ಸಾಮಾನ್ಯವಾಗಿ ಈ ಕಾಯಿಲೆ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ಶುರುವಾಗುತ್ತದೆ. ಐವತ್ತು ದಾಟಿದವರಿಗೆ ಜೀವನದಲ್ಲೇ ಮೊದಲ ಸಲ ಉನ್ಮಾದ ಬಂದರೆ ಮಿದುಳು, ಥೈರಾಯ್ಡ್, ತೆಗೆದುಕೊಳ್ಳುತ್ತಿರುವ ಔಷಧಿಗಳು ಎಲ್ಲವನ್ನೂ ತಪಾಸಣೆ ಮಾಡಿಸಲೇಬೇಕು.

ಲಿಥಿಯಂ ತೆಗೆದುಕೊಂಡ ಮೇಲೆ ಕೈ ನಡುಗುತ್ತದೆ, ನೀರಡಿಕೆ ಹೆಚ್ಚಿದೆ. ನಿಲ್ಲಿಸಬಹುದೇ?

ನೀವಾಗಿ ನಿಲ್ಲಿಸಬೇಡಿ. ಸಣ್ಣ ನಡುಕ, ಬಾಯಾರಿಕೆ, ಹೆಚ್ಚು ಮೂತ್ರ, ಸ್ವಲ್ಪ ತೂಕ ಏರುವುದು ಇದರ ಪರಿಚಿತ ಪರಿಣಾಮಗಳು. ಪ್ರಮಾಣವನ್ನೋ ತೆಗೆದುಕೊಳ್ಳುವ ಹೊತ್ತನ್ನೋ ಬದಲಿಸಿ ವೈದ್ಯರು ಇವನ್ನು ತಗ್ಗಿಸಬಲ್ಲರು. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಲಿಥಿಯಂ ಕೊಟ್ಟು ಫಲ ಕಂಡ ವರದಿಯನ್ನು 1949ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ, ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲೂ ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲೂ ಇದಕ್ಕೆ ದೊಡ್ಡ ಹೆಸರಿದೆ. ಅಗ್ಗದ ಮಾತ್ರೆ ಎಂದು ಯಾರೂ ಹಗುರವಾಗಿ ಕಾಣಬಾರದು.

ಇದರ ತೊಡಕು ಎಂದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ಅಪಾಯ. ಅದಕ್ಕೇ ರಕ್ತ ಪರೀಕ್ಷೆ. ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ಕೊಡಬೇಕು, ಎಂದರೆ ರಾತ್ರಿ 9ಕ್ಕೆ ತೆಗೆದುಕೊಂಡವರು ಬೆಳಗಿನ ಮಾತ್ರೆಗೆ ಮುಂಚೆ, 9ಕ್ಕೆ ಪ್ರಯೋಗಾಲಯದಲ್ಲಿರಬೇಕು. ಮಾತ್ರೆ ನುಂಗಿಯೇ ಹೊರಟು ಬಂದರೆ ಅಂಕಿ ಸುಳ್ಳು ಹೇಳುತ್ತದೆ. ಪ್ರಮಾಣ ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ, ಜೊತೆಗೆ ಥೈರಾಯ್ಡ್, ಮೂತ್ರಪಿಂಡದ ಕ್ರಿಯಾಟಿನಿನ್, ಕ್ಯಾಲ್ಸಿಯಂ ಇವನ್ನೂ ವೈದ್ಯರು ಹೇಳಿದ ಅಂತರದಲ್ಲಿ ನೋಡಿಸುತ್ತಿರಬೇಕು.

ಮೂತ್ರಪಿಂಡವು ಲಿಥಿಯಂ ಅನ್ನು ಉಪ್ಪಿನಂತೆಯೇ ಕಾಣುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಉಪ್ಪನ್ನು ಹಿಡಿದಿಡುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ವಾಂತಿಭೇದಿ, ಜೋರು ಜ್ವರ, ಫೆಬ್ರವರಿಯ ಬಿಸಿಲಿನಲ್ಲಿ ನೀರು ಕುಡಿಯದೆ ಕಾಫಿ ಕುಯ್ಯುವುದು, ರಕ್ತದೊತ್ತಡಕ್ಕೆಂದು ಉಪ್ಪನ್ನು ಒಮ್ಮೆಲೇ ಬಿಡುವುದು, ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೆಲವು ರಕ್ತದೊತ್ತಡದ ಮಾತ್ರೆಗಳೂ ಏರಿಸುತ್ತವೆ. ನನ್ನ ಕಸುಬಿನವನಾಗಿ ನಾನು ಒತ್ತಿ ಹೇಳಬೇಕಾದದ್ದು ನೋವಿನ ಮಾತ್ರೆಯ ವಿಷಯ. ಬೆನ್ನು, ಮಂಡಿ ನೋವಿಗೆ ಚೀಟಿಯಿಲ್ಲದೆ ಕೇಳಿ ಪಡೆಯುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ ಲಿಥಿಯಂ ಅನ್ನು ಮೈಯಲ್ಲಿ ಉಳಿಸಿಬಿಡುತ್ತವೆ. ಯಾವ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳಿದರೂ ‘ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಮಾತು ಮೊದಲು ಬರಲಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ನಡುಕ ದೊಡ್ಡದಾಗಿ ಲೋಟ ಹಿಡಿಯಲಾಗದಿದ್ದರೆ, ಕುಡಿದವರಂತೆ ತೂರಾಡಿದರೆ, ನಾಲಿಗೆ ತೊದಲಿದರೆ, ವಾಂತಿಭೇದಿಯ ಜೊತೆ ಮಂಕು ಕವಿದರೆ ಅದು ಲಿಥಿಯಂ ವಿಷವೇರಿಕೆ ಇರಬಹುದು. ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯುವ ಸ್ಥಿತಿ ಅಲ್ಲ.

ಕಾಫಿ ಕುಡಿಯಬಹುದೇ?

ಕೊಡಗಿನಲ್ಲಿ ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ಕುಡಿಯಬಹುದು, ಮಧ್ಯಾಹ್ನದ ನಂತರ ಬೇಡ; ಸಂಜೆಯ ಬೆಲ್ಲದ ಕಾಫಿ ರಾತ್ರಿಯ ನಿದ್ರೆಯನ್ನು ಕದಿಯುತ್ತದೆ. ಏರುತ್ತಿರುವ ಲಕ್ಷಣ ಕಂಡಾಗ ಇನ್ನೂ ಕಡಿಮೆ ಮಾಡಬೇಕು. ಲಿಥಿಯಂ ತೆಗೆದುಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಲಿ: ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳುಹಿಸುತ್ತದೆ. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವರು ಯಾರದೋ ಮಾತು ಕೇಳಿ ಒಂದೇ ದಿನ ಬಿಟ್ಟುಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕಡಿಮೆ ಮಾಡುವುದಾದರೆ ನಿಧಾನವಾಗಿ, ವೈದ್ಯರಿಗೆ ತಿಳಿಸಿ ಮಾಡಿ.

ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಯಿತು. ಮಾತ್ರೆಯಿಂದ ಕಿಡ್ನಿ ಹಾಳಾಯಿತೇ?

ಆ ಬಣ್ಣ ಸೊಪ್ಪಿನದು. ಆಗಸ್ಟ್ 3ರಂದು ಆ ಪಾಯಸ ತಿಂದ ಮನೆಮಂದಿಗೆಲ್ಲ ಆಗುವಂಥದ್ದು. ಆ ದಿನ ಮದ್ದುಸೊಪ್ಪಿನ ಶಕ್ತಿ ಹೆಚ್ಚೆಂಬ ನಂಬಿಕೆಯಿಂದ ಮಾತ್ರೆಯನ್ನು ಬಿಡಬೇಡಿ. ಕಿಡ್ನಿಯ ತೊಂದರೆ ಮೊದಲೇ ಇದ್ದವರು ಪಾಯಸಕ್ಕೆ ಮುಂಚೆ ವೈದ್ಯರನ್ನು ಕೇಳಲಿ. ಬಣ್ಣ ಎರಡು ದಿನವಾದರೂ ಹೋಗದಿದ್ದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ತೋರಿಸಿ.

ಮಾತ್ರೆ ಶುರುಮಾಡಿ ಆರು ತಿಂಗಳಲ್ಲಿ ತುಂಬ ದಪ್ಪ ಆದೆ. ಇದಕ್ಕೆ ಪರಿಹಾರವಿಲ್ಲವೇ?

ಇದೆ, ಮತ್ತು ಈ ಪ್ರಶ್ನೆಯನ್ನು ಅಲಂಕಾರದ ಚಿಂತೆ ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟಿದೆ. ಎಷ್ಟೋ ಜನ ಮಾತ್ರೆ ಬಿಟ್ಟು ಮತ್ತೆ ಕಾಯಿಲೆಗೆ ಬೀಳುವುದು ತೂಕದ ಕಾರಣಕ್ಕೇ. ಓಲಾಂಜಪೈನ್ ಹಸಿವನ್ನು ತುಂಬ ಹೆಚ್ಚಿಸುತ್ತದೆ. ಕ್ವೆಟಿಯಾಪೈನ್, ವಾಲ್ಪ್ರೋಯೇಟ್, ಲಿಥಿಯಂ ಕೂಡ ತೂಕ ಏರಿಸಬಹುದು. ಸಕ್ಕರೆ, ಕೊಬ್ಬಿನ ಅಂಶ ಏರುವ ಸಾಧ್ಯತೆಯೂ ಇದೆ. ಎಲ್ಲ ತಪ್ಪನ್ನೂ ಮಾತ್ರೆಯ ಮೇಲೆ ಹೊರಿಸಲಾಗದು: ಬೈಪೋಲಾರ್ ಇರುವವರಿಗೆ ಮಧುಮೇಹ ಮತ್ತು ಹೃದಯದ ಕಾಯಿಲೆ ಇತರರಿಗಿಂತ ಹೆಚ್ಚಾಗಿಯೂ ಬೇಗನೆಯೂ ಬರುತ್ತವೆ.

ಚಿಕಿತ್ಸೆ ಶುರುವಾದ ದಿನವೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಬರೆದಿಡಿ. ಮೊದಲ ಕೆಲವು ವಾರಗಳಲ್ಲೇ ಹಸಿವು ಹತೋಟಿ ತಪ್ಪಿದರೆ ಆಗಲೇ ಹೇಳಿ. ಮಾತ್ರೆ ಬದಲಿಸಬಹುದು, ಕೆಲವರಿಗೆ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಸೇರಿಸುತ್ತಾರೆ. ಪಂದಿಕರಿಯನ್ನು ಜನ್ಮಕ್ಕೇ ಬಿಡಬೇಕಿಲ್ಲ. ಹಬ್ಬದ ಊಟ ಹಬ್ಬಕ್ಕಿರಲಿ. ದಿನನಿತ್ಯ ಕಡುಬಿನ ಲೆಕ್ಕ ಇಳಿಸಿ, ತರಕಾರಿ, ಕಾಳು, ಮೀನು ಹೆಚ್ಚಿಸಿ. ಬೆಳಿಗ್ಗೆ ಎಸ್ಟೇಟಿನ ರಸ್ತೆಯಲ್ಲಿ ಬೇಗ ಬೇಗ ನಡೆಯುವುದರಿಂದ ತೂಕಕ್ಕೂ ನಿದ್ರೆಗೂ ಒಳ್ಳೆಯದು, ಆನೆ ಓಡಾಡುವ ಕಡೆ ಬೆಳಕು ಹರಿದ ಮೇಲೆ ಮಾತ್ರ.

ಚರ್ಮದ ಮೇಲೆ ಗುಳ್ಳೆ ಎದ್ದಿವೆ. ಮಾತ್ರೆಯಿಂದಲೇ?

ಲ್ಯಾಮೊಟ್ರಿಜಿನ್ ಅಥವಾ ಕಾರ್ಬಮಜೆಪೈನ್ ಶುರುಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಎದ್ದ ಗಂಧೆಯನ್ನು ಎಂದೂ ಕಡೆಗಣಿಸಬೇಡಿ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಜೊತೆಗಿದ್ದರೆ ಜೀವಕ್ಕೇ ಅಪಾಯ. ಅಂದೇ ವೈದ್ಯರಿಗೆ ತೋರಿಸಿ.

ಮಗಳಿಗೆ ಮದುವೆ ಗೊತ್ತಾಗಿದೆ. ಗರ್ಭ, ಬಾಣಂತನದಲ್ಲಿ ಏನು ಜಾಗ್ರತೆ?

ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಮಗುವಿನ ಬೆನ್ನುಹುರಿಯ ದೋಷ, ಬುದ್ಧಿ ಬೆಳವಣಿಗೆಯ ಕುಂಠಿತದ ಅಪಾಯ ಅದರಿಂದ ಹೆಚ್ಚು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಆದಷ್ಟು ಕೊಡಬಾರದು ಎಂಬುದು ಇಂದಿನ ಒಮ್ಮತ. ಮುಟ್ಟಿನ ಏರುಪೇರಿಗೂ ಅದು ಕಾರಣವಾಗಬಹುದು. ಕಾರ್ಬಮಜೆಪೈನ್ ಇದ್ದಾಗ ಗರ್ಭನಿರೋಧಕ ಮಾತ್ರೆಗಳು ಫಲಿಸದೆ ಹೋಗಬಹುದು. ಹಾಗೆಂದು ಗರ್ಭಿಣಿ ಎಂದು ತಿಳಿದ ದಿನ ಹೆದರಿ ಎಲ್ಲವನ್ನೂ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಯೋಜಿಸಿ ಬದಲಿಸುವುದೇ ದಾರಿ.

ಹೆರಿಗೆಯ ನಂತರದ ಮೊದಲ ಕೆಲವು ವಾರಗಳು ಬೈಪೋಲಾರ್ ಇರುವವರ ಪಾಲಿಗೆ ಅತ್ಯಂತ ಅಪಾಯದ ಕಾಲ. ಮಗು ಮಲಗಿದಾಗಲೂ ಬಾಣಂತಿಗೆ ನಿದ್ರೆ ಬೇಡವಾದರೆ, ಮಾತು ಅಸಂಬದ್ಧವಾದರೆ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಶುರುವಾದರೆ ದೃಷ್ಟಿ ತೆಗೆಯುವುದರಲ್ಲಿ ಕಾಲ ಕಳೆಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತವರಿನಲ್ಲಿ ಬಾಣಂತನ ಮಾಡಿಸುವ ಅವ್ವನಿಗೆ, ಅತ್ತೆಗೆ ಮೊದಲೇ ವಿಷಯ ತಿಳಿದಿರಬೇಕು. ರಾತ್ರಿಯ ಒಂದು ಹೊತ್ತಿನ ಹಾಲನ್ನು ಬೇರೆಯವರು ಕುಡಿಸಿ ತಾಯಿಗೆ ಸತತ ನಿದ್ರೆ ಸಿಗುವಂತೆ ಮಾಡಿ. ಮದುವೆಗೆ ಮುಂಚೆ ಹುಡುಗನ ಮನೆಯವರಿಂದ ಮುಚ್ಚಿಟ್ಟರೆ ಈ ಯಾವುದೂ ಸಾಧ್ಯವಾಗದು.

ಎದೆನೋವು ಎಂದು ಹೋದರೆ ‘ನಿಮ್ಮದು ಮಾನಸಿಕ’ ಎಂದು ಕಳುಹಿಸುತ್ತಾರೆ. ಏನು ಮಾಡಲಿ?

ಇದು ಅನ್ಯಾಯ. ಮನೋರೋಗದ ಚೀಟಿ ಇದ್ದ ಮಾತ್ರಕ್ಕೆ ಹೃದಯಕ್ಕೆ ಕಾಯಿಲೆ ಬರುವುದಿಲ್ಲ ಎಂದಿಲ್ಲ. ಮೇಲೆ ಹೇಳಿದಂತೆ ಹೆಚ್ಚೇ ಬರುತ್ತದೆ. ತೀವ್ರ ಮನೋರೋಗ ಇರುವವರ ಆಯುಸ್ಸು ಕಡಿಮೆಯಾಗಲು ದೊಡ್ಡ ಕಾರಣಗಳಲ್ಲಿ ಹೃದ್ರೋಗ ಒಂದು. ಇಸಿಜಿ ತೆಗೆಯಿರಿ ಎಂದು ಬಾಯಿಬಿಟ್ಟು ಕೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮೈಗ್ರೇನ್ ತಲೆನೋವು ಸಹ ಈ ಕಾಯಿಲೆಯವರಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಉಂಟು.

ಮನೆಯಲ್ಲೇ ಮಾಡಿದ ವೈನ್, ಮದುವೆಯಲ್ಲಿ ಒಂದೆರಡು ಪೆಗ್?

ಬೇಡ. ಮದ್ಯ ಬೇಗ ನಿದ್ರೆ ತರಿಸಿ ನಡುರಾತ್ರಿ ಒಡೆಯುತ್ತದೆ, ಮೈಯ ನೀರು ಬತ್ತಿಸುತ್ತದೆ, ವಾಲ್ಪ್ರೋಯೇಟ್ ಜೊತೆ ಯಕೃತ್ತಿಗೆ (ಲಿವರ್) ಹೊರೆಯಾಗುತ್ತದೆ. ಒತ್ತಾಯ ಮಾಡುವ ನೆಂಟರನ್ನು ತಡೆಯುವುದು ಮನೆಯವರ ಕೆಲಸ.

ಮನೆಯಲ್ಲಿ ಕೋವಿ ಇದೆ. ಇಟ್ಟುಕೊಳ್ಳಬಹುದೇ?

ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯಾಗುತ್ತದೆ. ಆ ಗೌರವಕ್ಕೆ ಚ್ಯುತಿಯಾಗುವ ಮಾತಲ್ಲ ಇದು. ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚು. ತೀವ್ರ ಕ್ಷಣಗಳು ಬಂದು ಹೋಗುತ್ತವೆ. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಕಾಯಿಲೆ ಹತೋಟಿಗೆ ಬರುವವರೆಗೆ ಕೋವಿಯನ್ನು ವಿನಾಯಿತಿ ಇರುವ ಒಕ್ಕದ (ಕುಲದ) ಹಿರಿಯರ ಮನೆಯಲ್ಲಿಡಿ, ಅಥವಾ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅಲ್ಲಿ ಒಪ್ಪಿಸಿ. ತೋಟದ ಕೀಟನಾಶಕಗಳನ್ನೂ ಬೀಗದೊಳಗಿಡಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಂಡರೂ ವಾರದಷ್ಟನ್ನು ಮಾತ್ರ ಕೈಗೆ ಕೊಡಿ.

ಎಲ್ಲಿ ತೋರಿಸಬೇಕು? ಹೋಗುವಾಗ ಏನು ಒಯ್ಯಬೇಕು?

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಳೆಗೆ ರಸ್ತೆ ಕಟ್ಟಿದಾಗ, ಅಥವಾ ಇದು ಕಾಯಿಲೆಯೇ ಎಂದು ಗೊಂದಲವಾದಾಗ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಟಿಲವಾದಾಗ ವೈದ್ಯರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಹೋಗುವಾಗ ಕಳೆದ ಎರಡು ವಾರ ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಎದ್ದರು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ಯಿರಿ. ನಾಟಿಮದ್ದು, ನೋವಿನ ಮಾತ್ರೆ ಸೇರಿ ನುಂಗುತ್ತಿರುವ ಎಲ್ಲದರ ಖಾಲಿ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ. ಹಳೆಯ ರಕ್ತ ಪರೀಕ್ಷೆಗಳಿರಲಿ. ಹೆಂಗಸರಾದರೆ ಕೊನೆಯ ಮುಟ್ಟಿನ ದಿನವೂ ಬೇಕು. ಸಂಬಂಧಿಕರಲ್ಲಿ ಯಾರಿಗಾದರೂ ಇಂಥದ್ದೇ ಇತ್ತೇ ಎಂದು ಹಿರಿಯರನ್ನು ಕೇಳಿಕೊಂಡು ಹೋಗಿ, ಏಕೆಂದರೆ ಇದು ವಂಶದಲ್ಲಿ ಹರಿಯುವ ಸಾಧ್ಯತೆ ಇರುವ ಕಾಯಿಲೆ. ವಾಪಸು ಬಸ್ಸಿಗೆ ಹೊರಡುವ ಮುನ್ನ ಮುಂದಿನ ಭೇಟಿಯ ದಿನವನ್ನೂ ರಕ್ತ ಪರೀಕ್ಷೆಯ ದಿನವನ್ನೂ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.